ಡಾ. ಮೊಹಮ್ಮದ್ ಮೊಸಾದೆಗ್: ಬೆದರಿಕೆಗೆ ಮಣಿಯದ ಪ್ರಧಾನಿ

ಮೊಸಾದೆಗ್ 1882ರಲ್ಲಿ ಇರಾನಿನ ಟೆಹರಾನ್ ನಗರದ ಶ್ರೀಮಂತ ಮನೆತನದಲ್ಲಿ ಜನಿಸಿದರು. ಸ್ವಿಟ್ಜರ್‌ಲೆಂಡಿನಲ್ಲಿ ಕಾನೂನು ಓದಿ ಡಾಕ್ಟರೇಟ್ ಪಡೆದರು. ತಾಯ್ನಾಡಿಗೆ ಮರಳಿ ಮಂತ್ರಿಯಾದರು, ಮಜ್ಲಿಸ್‌ನ ಸದಸ್ಯರಾದರು. ನಮ್ಮ ಮನೆಯ ಉರ್ದುವಿನಲ್ಲಿ ಮಜ್ಲಿಸ್ ಎಂದರೆ ಸಭೆ. ಇರಾನಿನಲ್ಲಿ ಸಂಸತ್ತಿಗೇ ಆ ಹೆಸರು.

ಆಗ ಇರಾನಿನ ತೈಲ ಆಂಗ್ಲೋ-ಇರಾನಿಯನ್ ಆಯಿಲ್ ಕಂಪನಿಯ ಕೈಯಲ್ಲಿತ್ತು. ಅದರ ಹೆಚ್ಚಿನ ಷೇರುಗಳು ಬ್ರಿಟಿಷ್ ಸರ್ಕಾರದವು. 1950ರಲ್ಲಿ ಕಂಪನಿಯು ಇರಾನಿಗೆ ಕೊಟ್ಟ ರಾಯಧನಕ್ಕಿಂತ ಬ್ರಿಟನ್‌ಗೆ ಕಟ್ಟಿದ ತೆರಿಗೆಯೇ ಹೆಚ್ಚು. ಕಂಪನಿಯ ಲೆಕ್ಕದ ಪುಸ್ತಕಗಳನ್ನು ಪರಿಶೀಲಿಸಲು ಇರಾನಿಗೆ ಬಿಡುತ್ತಿರಲಿಲ್ಲ. ಲೆಕ್ಕ ತೋರಿಸದ ವ್ಯಾಪಾರ ಎಂಥದ್ದೆಂದು ವಾಣಿಜ್ಯ ವಿಭಾಗದ ಗೆಳೆಯರಿಗೆ ಹೇಳಬೇಕಾಗಿಲ್ಲ.

1951ರ ಮಾರ್ಚ್‌ನಲ್ಲಿ ಸಂಸತ್ತು ತೈಲವನ್ನು ರಾಷ್ಟ್ರೀಕರಿಸಿತು. ಏಪ್ರಿಲ್‌ನಲ್ಲಿ ಮೊಸಾದೆಗ್ ಪ್ರಧಾನಿಯಾದರು. ಕಂಪನಿಯ ಪರಿಹಾರಕ್ಕಾಗಿ ತೈಲದ ಆದಾಯದಿಂದ ಹಣ ತೆಗೆದಿಡಲು ಕಾನೂನಿನಲ್ಲೇ ಅವಕಾಶವಿತ್ತು.

ಬ್ರಿಟನ್ ಯುದ್ಧ ಸಾರಲಿಲ್ಲ. ಆದರೆ ಅಬಾದಾನ್ ಬಳಿ ಯುದ್ಧನೌಕೆ ನಿಲ್ಲಿಸಿತು. ಇರಾನಿಗೆ ಸಕ್ಕರೆ, ಉಕ್ಕು ಕಳುಹಿಸುವುದನ್ನು ತಡೆಯಿತು. ಲಂಡನ್‌ನಲ್ಲಿದ್ದ ಇರಾನಿನ ಹಣದ ಬಳಕೆಗೆ ನಿರ್ಬಂಧ ಹೇರಿತು. ಇರಾನಿನ ತೈಲ ಕೊಂಡವರ ಮೇಲೆ ದಾವೆ ಹೂಡುವುದಾಗಿ ಕಂಪನಿ ಎಚ್ಚರಿಸಿತು. 1952ರಲ್ಲಿ ರೋಸ್ ಮೇರಿ ಎಂಬ ತೈಲ ಹಡಗನ್ನು ಏಡನ್‌ನಲ್ಲಿ ಹಿಡಿದಿಡಲಾಯಿತು. ಅದೊಂದು ಹಡಗು ಸಾಕಾಯಿತು, ಉಳಿದವರು ಹಿಂಜರಿದರು. ಇರಾನಿನಲ್ಲಿ ಸರಕಿತ್ತು, ಗಿರಾಕಿ ಇರಲಿಲ್ಲ.

ಮೊಸಾದೆಗ್ ತಾವೇ ನ್ಯೂಯಾರ್ಕಿಗೆ ಹೋಗಿ ಭದ್ರತಾ ಮಂಡಳಿಯ ಮುಂದೆ ವಾದಿಸಿದರು. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೂ ಹೋದರು. ಈ ಪ್ರಕರಣ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು 1952ರ ಜುಲೈನಲ್ಲಿ ಆ ನ್ಯಾಯಾಲಯ ತೀರ್ಪಿತ್ತಿತು. ಬ್ರಿಟನ್ನಿನವರೇ ಆದ ನ್ಯಾಯಾಧೀಶ ಮೆಕ್‌ನೇರ್ ಕೂಡ ತಮ್ಮ ದೇಶದ ವಾದ ಒಪ್ಪದೆ ಬಹುಮತದ ಜೊತೆ ನಿಂತರು.

ಆದರೆ ತೀರ್ಪಿನಿಂದ ಖಜಾನೆ ತುಂಬಲಿಲ್ಲ. ಆದಾಯ ಕುಸಿಯಿತು, ಜೊತೆಗಿದ್ದವರು ದೂರವಾದರು. ಮೊಸಾದೆಗ್ ವಿಶೇಷ ಅಧಿಕಾರ ಪಡೆದು ಆಳಿದರು. 1953ರಲ್ಲಿ ಸಂಸತ್ತಿನ ವಿಸರ್ಜನೆಗೆ ನಡೆಸಿದ ಜನಮತಗಣನೆಯಲ್ಲಿ ಪರ-ವಿರೋಧದ ಮತಪೆಟ್ಟಿಗೆಗಳು ಬೇರೆ ಬೇರೆ ಕಡೆ ಇದ್ದವು. ಇದನ್ನೂ ಮರೆಯಬಾರದು.

1953ರ ಆಗಸ್ಟ್ 19ರಂದು ಅಮೆರಿಕ ಮತ್ತು ಬ್ರಿಟನ್ನಿನ ಗುಪ್ತಚರ ಸಂಸ್ಥೆಗಳ ಬೆಂಬಲದ ದಂಗೆ ಅವರ ಸರ್ಕಾರವನ್ನು ಉರುಳಿಸಿತು. ಸೇನಾ ನ್ಯಾಯಾಲಯ ಮೂರು ವರ್ಷ ಸೆರೆಮನೆ ವಿಧಿಸಿತು. ಆಮೇಲೆ ಅಹ್ಮದಾಬಾದ್ ಎಂಬ ತಮ್ಮ ಹಳ್ಳಿಯಲ್ಲಿ ಗೃಹಬಂಧನ. 1967ರ ಮಾರ್ಚ್ 5ರಂದು ತೀರಿಕೊಂಡರು. 1952ರ ಜುಲೈನಲ್ಲಿ ತಮಗಾಗಿ ಬೀದಿಗಿಳಿದು ಸತ್ತವರ ಪಕ್ಕದಲ್ಲಿ ಮಣ್ಣಾಗುವ ಆಸೆ ಅವರಿಗಿತ್ತು. ಅನುಮತಿ ಸಿಗಲಿಲ್ಲ. ಮನೆಯೊಳಗೇ ದಫನ್ ಮಾಡಲಾಯಿತು.

1954ರ ಒಪ್ಪಂದದಲ್ಲಿ ಹಳೆಯ ಬ್ರಿಟಿಷ್ ಕಂಪನಿಗೆ ಶೇ. 40 ಪಾಲು, ಅಮೆರಿಕದ ಕಂಪನಿಗಳಿಗೂ ಅಷ್ಟೇ ಪಾಲು ಸಿಕ್ಕಿತು. ಇರಾನಿಗೆ ಲಾಭದ ಅರ್ಧ ಬಂತು, ಮೊದಲಿಗಿಂತ ಹೆಚ್ಚು. ಮೊಸಾದೆಗ್‌ರನ್ನು ಕೆಳಗಿಳಿಸಿದವರಿಗೂ ರಾಷ್ಟ್ರೀಕರಣದ ಕಾನೂನನ್ನು ರದ್ದು ಮಾಡುವ ಧೈರ್ಯ ಬರಲಿಲ್ಲ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ