ಡೋರ್ನಕಲ್ಲಿನ ಬಿಷಪ್ ಅಜರಯ್ಯನವರು

ಪದವಿ ಪಡೆಯದೆ ಕಾಲೇಜು ಬಿಟ್ಟವರೊಬ್ಬರ ಚರಿತ್ರೆಯನ್ನು ಅಂತಿಮ ಬಿ.ಎ. ತರಗತಿಯ ನಾನು ಬರೆಯಹೊರಟಿರುವುದನ್ನು ಕಂಡು ಸಹಪಾಠಿಗಳು ನಕ್ಕಾರು. ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯನವರು 1874ರ ಆಗಸ್ಟ್ 17ರಂದು ತಿರುನೆಲ್ವೇಲಿ ಸೀಮೆಯ ಹಳ್ಳಿಯೊಂದರಲ್ಲಿ ಸಭಾಪಾಲಕರ ಮಗನಾಗಿ ಜನಿಸಿದರು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರೂ ಪದವಿ ಕೈಗೂಡಲಿಲ್ಲ. 1920ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯವೇ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತೆಂಬುದು ಬೇರೆ ಮಾತು.

ವೈ.ಎಂ.ಸಿ.ಎ. ಸಂಸ್ಥೆಯ ಕಾರ್ಯದರ್ಶಿಯಾಗಿ ಊರೂರು ಸುತ್ತುವಾಗ ಅವರ ಮನಸ್ಸನ್ನು ಒಂದು ಚಿಂತೆ ಕೊರೆಯತೊಡಗಿತು. ಹಣ ಹೊರದೇಶದ್ದು, ಉಪದೇಶಕರು ಹೊರದೇಶದವರು. ಹೀಗಿರುವ ಸಭೆ ಈ ನೆಲದ್ದಾಗುವುದು ಎಂದಿಗೆ? 1903ರಲ್ಲಿ ತಿರುನೆಲ್ವೇಲಿಯ ಭಾರತೀಯ ಮಿಷನರಿ ಸಂಘವನ್ನು ಸ್ಥಾಪಿಸಲು ಮುಂದಾದರು. ಅನ್ಯರನ್ನು ಕಳುಹಿಸಿ ತಾವು ಸುಮ್ಮನಿರಲಾರದೆ 1909ರಲ್ಲಿ ನಿಜಾಮರ ರಾಜ್ಯದ ಡೋರ್ನಕಲ್ಲಿಗೆ ಹೊರಟರು. ತಮಿಳರಾದ ಅವರು ತೆಲುಗನ್ನು ಕಲಿತರು. ಮರುವರ್ಷ ಎಡಿನ್‌ಬರೋದ ಮಹಾಸಮ್ಮೇಳನದಲ್ಲಿ, ಬಿಳಿಯ ಮಿಷನರಿಗಳು ಭಾರತೀಯರಿಗೆ ಎಲ್ಲವನ್ನೂ ಕೊಟ್ಟರೂ ಸ್ನೇಹವನ್ನು ಮಾತ್ರ ಕೊಡಲಿಲ್ಲವೆಂದು ಅವರೆದುರಿಗೇ ಹೇಳಿದರು. ಕೆಲವರಿಗೆ ಅದು ಹಿಡಿಸಲಿಲ್ಲ. ಆದರೂ 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರಿಗೆ ಬಿಷಪ್ ಅಭಿಷೇಕವಾಯಿತು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯರು ಅವರೇ.

ಅವರ ಸಭೆಯ ಜನ ಹೆಚ್ಚಾಗಿ ಮಾಲ, ಮಾದಿಗ ಕೇರಿಗಳ ಕೂಲಿಕಾರರು. ಸಾಲ, ಹೆಂಡ, ಅನಕ್ಷರತೆಗಳ ಜತೆಗೆ ಈ ಎರಡು ಕೇರಿಗಳ ನಡುವೆಯೇ ಮಡಿಮೈಲಿಗೆ ಬೇರೆ! ಇಂಥಲ್ಲಿ ಶಾಲೆ, ಔಷಧಾಲಯ, ಸಹಕಾರ ಸಂಘಗಳನ್ನು ತೆರೆದು ತೃಪ್ತರಾಗುವುದು ಸುಲಭ. ಅಜರಯ್ಯನವರು ಅವೆಲ್ಲವನ್ನೂ ಮಾಡಿಸಿದರು. ಆದರೆ ಪೂಜೆ, ಪ್ರಾರ್ಥನೆಗಳು ನಡುಮನೆಯಲ್ಲಿರಬೇಕು, ಉಳಿದವು ಅಲ್ಲಿಂದ ಹೊರಡಬೇಕು ಎಂಬುದು ಅವರ ಹಟ. ಎರಡು ಕೇರಿಯವರೂ ಪ್ರಭುಭೋಜನಕ್ಕೆ ಒಟ್ಟಿಗೆ ಬರಬೇಕೆಂದರು. ಓದು ಬಾರದವರಿಗೆ ಕರ್ತನ ಪ್ರಾರ್ಥನೆ, ದಶಾಜ್ಞೆಗಳನ್ನು ಬಾಯಿಪಾಠವಾಗಿ, ಬೈಬಲಿನ ಕಥೆಗಳನ್ನು ಹಾಡಾಗಿ ಕಲಿಸುವ ಏರ್ಪಾಡಾಯಿತು. ನನ್ನ ತಾಯಿಗೆ ಅಕ್ಷರ ಬಾರದು, ಆದರೆ ಸೋಬಾನೆ ಪದಗಳು ರಾತ್ರಿಯೆಲ್ಲ ಹೇಳುವಷ್ಟಿವೆ. ಆದುದರಿಂದ ಈ ವಿಧಾನ ನನಗೆ ಸೋಜಿಗವೆನಿಸಲಿಲ್ಲ. ಬಡವರೂ ಕೊಡಬೇಕೆಂದು ಅವರು ಬೋಧಿಸಿದರು. ಅಡುಗೆಗೆ ಅಳೆಯುವಾಗ ಹೆಂಗಸರು ಒಂದು ಹಿಡಿ ಅಕ್ಕಿಯನ್ನು ಸಭೆಗೆಂದು ತೆಗೆದಿಡುತ್ತಿದ್ದರು. ಬೇಡುವವರೆಂದು ಎಣಿಸಲ್ಪಟ್ಟಿದ್ದವರು ಹೀಗೆ ದಾನಿಗಳಾದರು. 1939ರಲ್ಲಿ ಪ್ರತಿಷ್ಠೆಯಾದ ಡೋರ್ನಕಲ್ಲಿನ ದೊಡ್ಡ ದೇವಾಲಯವನ್ನು ಅವರು ಇಂಗ್ಲಿಷ್ ಚರ್ಚಿನ ಅಚ್ಚಿನಲ್ಲಿ ಕಟ್ಟಿಸದೆ, ಗುಮ್ಮಟ, ಕಂಬಗಳಿಂದ ಈ ದೇಶದ ಶಿಲ್ಪದಲ್ಲಿ ಕಟ್ಟಿಸಿದರು.

ಎಲ್ಲಕ್ಕಿಂತ ಕಠಿನ ಪರೀಕ್ಷೆ ರಾಜಕೀಯದಿಂದ ಬಂತು. 1932ರ ಮತೀಯ ತೀರ್ಪು ಭಾರತೀಯ ಕ್ರೈಸ್ತರಿಗೂ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟಿತು. ಸ್ಥಾನಗಳು ಕೈಗೆ ಬಂದಿರುವಾಗ ಬೇಡವೆನ್ನುವವರುಂಟೇ? ಅಜರಯ್ಯನವರು ಬೇಡವೆಂದರು. ಸಭೆ ಒಂದು ಮತೀಯ ಪಕ್ಷವಾದರೆ ಅದರ ಬಾಗಿಲು ಇತರರಿಗೆ ಮುಚ್ಚಿಹೋಗುತ್ತದೆ, ಒಳಗಿರುವವರು ವಿಶ್ವಾಸವನ್ನು ಬಿಟ್ಟು ತಲೆಯೆಣಿಕೆಗೆ ತೊಡಗುತ್ತಾರೆಂದು ಅವರ ಅಂಜಿಕೆ. ಬಲವಿಲ್ಲದ ಜನಕ್ಕೆ ಸಿಕ್ಕ ಬಲವನ್ನು ಅವರ ಪರವಾಗಿ ಬಿಷಪ್ಪರು ತ್ಯಜಿಸಬಹುದೇ ಎಂದು ನಾನು ಬಹಳ ಯೋಚಿಸಿದೆ, ಉತ್ತರ ಸುಲಭವಲ್ಲ. ಅತ್ತ ಸಾಮೂಹಿಕ ಮತಾಂತರಗಳನ್ನು ಒಪ್ಪದ ಗಾಂಧೀಜಿಯವರೊಡನೆಯೂ ಅವರಿಗೆ ಭಿನ್ನಾಭಿಪ್ರಾಯವಿತ್ತು. ಕೇರಿಯ ಕೂಲಿಯವನಿಗೂ ತನ್ನ ನಂಬಿಕೆಯನ್ನು ತಾನೇ ಆರಿಸಿಕೊಳ್ಳುವಷ್ಟು ಬುದ್ಧಿಯಿದೆಯೆಂಬ ಅವರ ಪಕ್ಷವೇ ನನಗೆ ಸರಿಯೆನಿಸುತ್ತದೆ.

ಪಾಶ್ಚಾತ್ಯರ ಜಗಳಗಳಿಂದ ಹುಟ್ಟಿದ ಪಂಗಡಗಳನ್ನು ಭಾರತೀಯರು ಹೊರಬೇಕಾಗಿಲ್ಲವೆಂದು 1919ರಲ್ಲಿ ತರಂಗಂಬಾಡಿಯಲ್ಲಿ 33 ಜನ ಸೇರಿ ಐಕ್ಯದ ಕರೆ ಕೊಟ್ಟಾಗ ಅವರು ಮುಂದಾಳಾಗಿದ್ದರು. ಮಾತುಕತೆ ವರ್ಷಗಟ್ಟಲೆ ನಡೆಯಿತು. ಅವರು 1945ರ ಜನವರಿ 1ರಂದು ಡೋರ್ನಕಲ್ಲಿನಲ್ಲಿ ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಉದಯವಾಯಿತು. ನಮ್ಮ ಮೈಸೂರು ಸೀಮೆಯ ಮೆಥೊಡಿಸ್ಟ್ ಸಭೆಗಳೂ ಅದರಲ್ಲಿ ಸೇರಿದವು.