ಸಸ್ಯೋದ್ಯಾನ ಬರೀ ಪಾರ್ಕ್ ಅಲ್ಲ: ಗಿಡಗಳಿಗೆ ಎರಡು ಪದದ ಹೆಸರು ಕೊಟ್ಟ ಲಿನೇಯಸ್ ಕಥೆ

ಬ್ರಾಹ್ಮಿ ಎಲೆಯ ರಸ ಕುಡಿದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎಂಬ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಅದು ನಿಜವೋ ಸುಳ್ಳೋ ಎಂದು ನೋಡುವ ಮೊದಲೇ ಒಂದು ಪ್ರಶ್ನೆ ಕೇಳಬೇಕು: ಯಾವ ಬ್ರಾಹ್ಮಿ? ನಮ್ಮಲ್ಲಿ ಹಲವರು ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ. ಇನ್ನು ಕೆಲವರಿಗೆ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ. ಎರಡೂ ತೇವದ ಜಾಗದಲ್ಲಿ ಬೆಳೆಯುತ್ತವೆ. ಆದರೆ ಒಂದೆಲಗ ಕೊತ್ತಂಬರಿಯ ಕುಟುಂಬಕ್ಕೆ ಸೇರಿದ್ದು, ನೀರುಬ್ರಾಹ್ಮಿ ಬೇರೆಯೇ ಕುಟುಂಬದ ಗಿಡ. ಒಂದರ ಮೇಲೆ ನಡೆದ ಸಂಶೋಧನೆಯನ್ನು ಇನ್ನೊಂದಕ್ಕೆ ಅನ್ವಯಿಸಲು ಬರುವುದಿಲ್ಲ.

ಇಂಥ ಹೆಸರಿನ ಗೊಂದಲ ಹೊಸದಲ್ಲ. ಇದನ್ನು ಬಿಡಿಸಲು ಜೀವನವಿಡೀ ದುಡಿದವರು ಸ್ವೀಡನ್ ದೇಶದ ವೈದ್ಯ ಕಾರ್ಲ್ ಲಿನೇಯಸ್. ಅವರ ಪ್ರಯೋಗಶಾಲೆ ಒಂದು ಸಸ್ಯೋದ್ಯಾನ.

ಸಸ್ಯೋದ್ಯಾನ ಹುಟ್ಟಿದ್ದೇಕೆ?

ಸಸ್ಯೋದ್ಯಾನ ಎಂದರೆ ವಾಕಿಂಗ್ ಮಾಡಲು, ಫೋಟೋ ತೆಗೆಯಲು ಇರುವ ಜಾಗ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅದು ಹುಟ್ಟಿದ್ದು ವೈದ್ಯಕೀಯ ಪಾಠಕ್ಕಾಗಿ. ಇಟಲಿಯ ಪಡುವಾ ವಿಶ್ವವಿದ್ಯಾಲಯ 1545ರಲ್ಲಿ ಔಷಧಿ ಗಿಡಗಳ ತೋಟ ಮಾಡಿತು. ಅಸಲಿ ಗಿಡ ಯಾವುದು, ಅದರಂತೆಯೇ ಕಾಣುವ ಇನ್ನೊಂದು ಯಾವುದು ಎಂದು ವಿದ್ಯಾರ್ಥಿಗಳು ಅಲ್ಲಿ ಕಣ್ಣಾರೆ ನೋಡಿ ಕಲಿಯಬೇಕಿತ್ತು. ಗಿಡ ತಪ್ಪಿದರೆ ರೋಗಿಯ ಜೀವಕ್ಕೇ ಅಪಾಯ. ಆ ಗಿಡಗಳಿಗೆ ಎಷ್ಟು ಬೆಲೆ ಇತ್ತೆಂದರೆ, ಕಳ್ಳರ ಕಾಟ ತಡೆಯಲು ತೋಟದ ಸುತ್ತ ಗೋಡೆ ಕಟ್ಟಬೇಕಾಯಿತು.

ತೋಟದಲ್ಲೇ ಬೆಳೆದ ಹುಡುಗ

ಲಿನೇಯಸ್ ಹುಟ್ಟಿದ್ದು 1707ರಲ್ಲಿ, ದಕ್ಷಿಣ ಸ್ವೀಡನ್ನಿನ ರೋಸ್‌ಹುಲ್ಟ್ ಎಂಬ ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ, ಜೊತೆಗೆ ತೋಟದ ಹುಚ್ಚು. ಮಗನೂ ಪಾದ್ರಿಯಾಗಲಿ ಎಂಬುದು ಮನೆಯವರ ಆಸೆ. ಮಗ ಆರಿಸಿಕೊಂಡದ್ದು ವೈದ್ಯಕೀಯ. ಓದುತ್ತಿದ್ದಾಗಲೇ ಉಪ್ಸಾಲ ವಿಶ್ವವಿದ್ಯಾಲಯದ ತೋಟದಲ್ಲಿ ಇತರರಿಗೆ ಗಿಡಗಳ ಪಾಠ ಹೇಳತೊಡಗಿದರು.

1735ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಅವರಿಗೆ ಏಳು ತಲೆಯ ಹಾವಿನಂಥ ಪ್ರಾಣಿಯ ದೇಹವೊಂದನ್ನು ತೋರಿಸಿದರು. ಅದು ಭಾರೀ ಬೆಲೆಯ ಅದ್ಭುತ ಎಂದು ಊರೆಲ್ಲ ಮಾತು. ಲಿನೇಯಸ್ ಹತ್ತಿರದಿಂದ ಪರೀಕ್ಷಿಸಿದರು. ಮುಂಗುಸಿಯಂಥ ವೀಸಲ್ ಎಂಬ ಪ್ರಾಣಿಯ ದವಡೆಗಳನ್ನು ಜೋಡಿಸಿ, ಮೇಲೆ ಹಾವಿನ ಚರ್ಮ ಅಂಟಿಸಿದ್ದರು! ನಿಜ ಹೇಳಿದ ಲಿನೇಯಸ್, ಮಾಲೀಕರ ಕೋಪಕ್ಕೆ ಹೆದರಿ ಬೇಗನೆ ಊರು ಬಿಟ್ಟರು.

ಅಲ್ಲಿಂದ ಹೋದದ್ದು ನೆದರ್ಲೆಂಡ್ಸ್‌ಗೆ. ಜಾರ್ಜ್ ಕ್ಲಿಫರ್ಡ್ ಎಂಬ ಶ್ರೀಮಂತನ ತೋಟದಲ್ಲಿ ಬಾಳೆ ಗಿಡ ಇತ್ತು, ಆದರೆ ಹೂ ಬಿಡುತ್ತಿರಲಿಲ್ಲ. ಉಷ್ಣದೇಶದ ಬೇಸಿಗೆ, ಮಳೆಗಾಲಗಳಂತೆ ಮೊದಲು ನೀರು ತಡೆದು, ಆಮೇಲೆ ಧಾರಾಳವಾಗಿ ಕೊಡುವ ಉಪಾಯ ಮಾಡಿದರು. 1736ರಲ್ಲಿ ಆ ಚಳಿ ದೇಶದಲ್ಲೂ ಬಾಳೆ ಹೂ ಬಿಟ್ಟಿತು.

ಪಾಳುಬಿದ್ದ ತೋಟಕ್ಕೆ ಮರುಜೀವ

1741ರಲ್ಲಿ ಲಿನೇಯಸ್ ಉಪ್ಸಾಲದಲ್ಲಿ ವೈದ್ಯಕೀಯ ಪ್ರಾಧ್ಯಾಪಕರಾದರು. 1655ರಲ್ಲಿ ಶುರುವಾಗಿದ್ದ ಅಲ್ಲಿನ ತೋಟ 1702ರ ಬೆಂಕಿಯಲ್ಲಿ ಹಾಳಾಗಿತ್ತು. ಅದನ್ನು ಹೊಸದಾಗಿ ಕಟ್ಟಿದರು. ಒಂದು ಕಡೆ ಒಂದೇ ವರ್ಷ ಬದುಕುವ ಗಿಡಗಳು, ಇನ್ನೊಂದು ಕಡೆ ಹಲವು ವರ್ಷ ಬಾಳುವ ಗಿಡಗಳು. ಪ್ರತಿ ಗಿಡಕ್ಕೂ ಗೊತ್ತಾದ ಜಾಗ, ಗೊತ್ತಾದ ಹೆಸರು. 1748ರಲ್ಲಿ ಅವುಗಳ ಪಟ್ಟಿಯನ್ನೇ ಪುಸ್ತಕವಾಗಿ ಪ್ರಕಟಿಸಿದರು. ಹೊರದೇಶಗಳ ಬೀಜ, ಗಿಡಗಳನ್ನು ತರಲು ಶಿಷ್ಯರು ದೂರದ ಖಂಡಗಳಿಗೆ ಹೊರಟರು. ಕೆಲವರು ದಾರಿಯಲ್ಲೇ ಪ್ರಾಣ ಬಿಟ್ಟರು.

ಆಗ ಗಿಡದ ಹೆಸರೆಂದರೆ ಒಂದು ಸಾಲಿನ ವರ್ಣನೆ. ಟೊಮೆಟೊಗೆ ಮುಳ್ಳಿಲ್ಲದ ಮೆತ್ತನೆ ಕಾಂಡದ, ಸೀಳು ಎಲೆಗಳ ಸೋಲಾನಮ್ ಎಂಬರ್ಥದ ಉದ್ದನೆಯ ಹೆಸರಿತ್ತು. 1753ರ ಸ್ಪೀಶೀಸ್ ಪ್ಲಾಂಟಾರಮ್ ಎಂಬ ಪುಸ್ತಕದಲ್ಲಿ ಲಿನೇಯಸ್ ಅದನ್ನು ಸೋಲಾನಮ್ ಲೈಕೋಪರ್ಸಿಕಮ್ ಎಂದು ಚಿಕ್ಕದು ಮಾಡಿದರು. ಸುಮಾರು 5,900 ಬಗೆಯ ಸಸ್ಯಗಳಿಗೆ ಹೀಗೆ ಎರಡೆರಡು ಪದದ ಹೆಸರು ಸಿಕ್ಕಿತು. ನಮ್ಮ ಮಾವಿಗೆ ಮ್ಯಾಂಜಿಫೆರಾ ಇಂಡಿಕಾ ಎಂದು ಹೆಸರಿಟ್ಟವರೂ ಅವರೇ. ಆ ಹೆಸರಿನ ಕೊನೆಗೆ ಬರೆಯುವ ಎಲ್ ಅಕ್ಷರ ಲಿನೇಯಸ್ ಎಂಬುದರ ಗುರುತು.

ಅವರು ಹೇಳಿದ್ದೆಲ್ಲ ಉಳಿದಿಲ್ಲ. ಹೂವಿನ ಕೇಸರಗಳನ್ನು ಎಣಿಸಿ ಗುಂಪು ಮಾಡುವ ಅವರ ಪದ್ಧತಿಯನ್ನು ವಿಜ್ಞಾನಿಗಳು ಕೈಬಿಟ್ಟು ಬಹಳ ಕಾಲವಾಯಿತು. ಎಷ್ಟೋ ಗಿಡಗಳ ಹೆಸರೂ ಬದಲಾಗಿದೆ. ಎರಡು ಪದದ ಕ್ರಮ ಮಾತ್ರ ಇಂದಿಗೂ ಇದೆ.

1778ರಲ್ಲಿ ಲಿನೇಯಸ್ ತೀರಿಕೊಂಡರು. ಮಗನೂ ತೀರಿಕೊಂಡ ಮೇಲೆ, 1784ರಲ್ಲಿ ಅವರ ಸಂಗ್ರಹವನ್ನು ಇಂಗ್ಲೆಂಡಿನ ಜೇಮ್ಸ್ ಎಡ್ವರ್ಡ್ ಸ್ಮಿತ್ ಕೊಂಡರು. ಅವರು ಒಣಗಿಸಿಟ್ಟಿದ್ದ ಸುಮಾರು 14,000 ಸಸ್ಯ ಮಾದರಿಗಳು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿವೆ. ಒಂದು ಹೆಸರು ಯಾವ ಗಿಡದ್ದು ಎಂಬ ಅನುಮಾನ ಬಂದರೆ ಸಂಶೋಧಕರು ಇಂದಿಗೂ ಇವನ್ನು ತೆಗೆದು ನೋಡುತ್ತಾರೆ.

ನಮಗೇನು ಉಪಯೋಗ?

ಒಂದೆಲಗದ ವೈಜ್ಞಾನಿಕ ಹೆಸರು ಸೆಂಟೆಲ್ಲಾ ಏಷಿಯಾಟಿಕಾ. ನೀರುಬ್ರಾಹ್ಮಿಯದು ಬಾಕೋಪಾ ಮೊನ್ನಿಯೆರಿ. ಈ ಹೆಸರುಗಳನ್ನು ಕೇಳಿದರೆ ಮೈಸೂರಿನವರಿಗೂ ಕಾಶಿಯವರಿಗೂ ಗಿಡ ಅದಲುಬದಲಾಗುವುದಿಲ್ಲ. ಆದ್ದರಿಂದ ಮುಂದಿನ ಸಲ ಲಾಲ್‌ಬಾಗ್‌ಗೆ ಹೋದಾಗ ಮರದ ಮೇಲಿನ ಹೆಸರು ಫಲಕವನ್ನೂ ಒಮ್ಮೆ ಓದಿ. ಯಾವುದೋ ಸೊಪ್ಪು ಕಾಯಿಲೆ ವಾಸಿ ಮಾಡುತ್ತದೆ ಎಂಬ ಸಂದೇಶ ಬಂದರೆ, ಅದು ಯಾವ ಗಿಡ ಎಂಬುದು ಖಚಿತವಾಗದೆ ತಿನ್ನಬೇಡಿ, ಇನ್ನೊಬ್ಬರಿಗೆ ಫಾರ್ವರ್ಡ್ ಕೂಡ ಮಾಡಬೇಡಿ. ಗಿಡ ಗೊತ್ತಾದರೂ ಔಷಧಿಯಾಗಿ ಬಳಸುವ ಮುನ್ನ ವೈದ್ಯರನ್ನು ಕೇಳಿ.