ಬೂದಿಗುಡ್ಡದ ಗುಟ್ಟು ಹುಡುಕಿದ ಬ್ರೂಸ್ ಫೂಟ್

ಬಳ್ಳಾರಿ ಸೀಮೆಯಲ್ಲಿ ಬಹಳ ಹಳೆಯ ಬೂದಿಗುಡ್ಡಗಳಿವೆ. ಕುಡುತಿನಿಯಲ್ಲಿದೆ, ಹಂಪಿ ಪಕ್ಕದ ನಿಂಬಾಪುರದಲ್ಲಿದೆ. ಇಷ್ಟೊಂದು ಬೂದಿ ಎಲ್ಲಿಂದ ಬಂತು? ನಿಂಬಾಪುರದ್ದು ವಾಲಿಯನ್ನು ಸುಟ್ಟ ಜಾಗ ಅಂತ ಊರವರ ನಂಬಿಕೆ. ಕಬ್ಬಿಣ ಕರಗಿಸಿದ್ದರ ಕಿಟ್ಟ ಅಂತ ವಾದಿಸಿದವರೂ ಇದ್ದರು. ಸರಿಯಾದ ಜಾಡು ಹಿಡಿದವರು ರಾಬರ್ಟ್ ಬ್ರೂಸ್ ಫೂಟ್.

ಫೂಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನಲ್ಲಿ. 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿದರು. ಬಂಡೆ, ಅದಿರು ಹುಡುಕುವುದೇ ಕೆಲಸ. 1863ರಲ್ಲಿ ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ, ನಮ್ಮ ಮುರಕಲ್ಲಿನ ಜಾತಿಯ ಕೆಂಪು ಜಲ್ಲಿಯೊಳಗೆ, ಅವರಿಗೊಂದು ಕಲ್ಲಿನ ಕೈಕೊಡಲಿ ಸಿಕ್ಕಿತು. ಆದಿಮಾನವನ ಇಂಥ ಆಯುಧಗಳು ಯುರೋಪಿನಲ್ಲಿ ಸಿಕ್ಕಿದ್ದ ಕಾಲ ಅದು. ನಮ್ಮ ನೆಲದ ಚರಿತ್ರೆಯೂ ಅಷ್ಟೇ ಹಿಂದಕ್ಕೆ ಹೋಗುತ್ತದೆ ಅನ್ನುವುದಕ್ಕೆ ಆ ಒಂದು ಕಲ್ಲು ಸಾಕ್ಷಿಯಾಯಿತು.

ಮುಂದೆ ಅವರು ಬಳ್ಳಾರಿ ಜಿಲ್ಲೆಯನ್ನು ಅಳೆದು ನಕ್ಷೆ ಮಾಡಿದರು. ಹೊಸಹಳ್ಳಿ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಆಗ ಮದ್ರಾಸ್ ಪ್ರಾಂತ್ಯದ ಆ ಜಿಲ್ಲೆಗೇ ಸೇರಿದ್ದವು. ನಮ್ಮ ದಕ್ಷಿಣ ಕನ್ನಡವೂ ಅದೇ ಪ್ರಾಂತ್ಯ. ಅಲ್ಲಿನ ಬೂದಿಗುಡ್ಡಗಳನ್ನು ಪರೀಕ್ಷಿಸಿ, 1880ರ ದಶಕದಲ್ಲಿ ಅವರು ಹೇಳಿದ್ದು ಇಷ್ಟೆ: ಇದು ಹೆಣ ಸುಟ್ಟದ್ದಲ್ಲ, ಕಬ್ಬಿಣವೂ ಅಲ್ಲ. ಕಲ್ಲಿನ ಕೊಡಲಿ ಬಳಸುತ್ತಿದ್ದ ಕಾಲದ ದನಗಾಹಿಗಳ ಹಟ್ಟಿಯ ಸೆಗಣಿ ಉರಿದು ಉಳಿದ ಬೂದಿ.

ಎಲ್ಲರೂ ಒಪ್ಪಲಿಲ್ಲ. 1899ರಲ್ಲಿ ಇತಿಹಾಸಕಾರ ರಾಬರ್ಟ್ ಸಿವೆಲ್ ಮತ್ತೆ ಚಿತೆಯ ವಾದವನ್ನೇ ಎತ್ತಿದರು. ತೀರ್ಮಾನಕ್ಕೆ ಇನ್ನೂ ಅರವತ್ತು ವರ್ಷ ಬೇಕಾಯಿತು. 1957ರಲ್ಲಿ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನ ಬೂದಿಗುಡ್ಡ ಅಗೆದಾಗ ದನಗಳ ಗೊರಸಿನ ಗುರುತುಗಳೇ ಕಂಡವು. 1960ರಲ್ಲಿ ಝಾಯ್ನರ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಅದು ಸೆಗಣಿಯೇ ಎಂದು ಖಚಿತಪಡಿಸಿದರು. ಹುಲ್ಲಿನಲ್ಲಿರುವ ಸಿಲಿಕಾ ಜೋರು ಬೆಂಕಿಗೆ ಕರಗಿ ಗಾಜಿನಂತಾಗುತ್ತದೆ; ಕಿಟ್ಟದ ಹಾಗೆ ಕಂಡದ್ದು ಅದೇ. ಕತೆ ಅಲ್ಲಿಗೂ ನಿಲ್ಲಲಿಲ್ಲ. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಉತ್ಖನನ ಮಾಡಿದಾಗ ಗುಡ್ಡದ ಪಕ್ಕದಲ್ಲೇ ಜನ ವಾಸವಿದ್ದ ಕುರುಹು ಸಿಕ್ಕಿತು. ಬರೀ ದೊಡ್ಡಿಯಲ್ಲ, ಊರೇ ಇತ್ತು ಅಂತಾಯಿತು.

ಹಾಗಂತ ಫೂಟ್ ಹೇಳಿದ್ದೆಲ್ಲ ನಿಲ್ಲಲೂ ಇಲ್ಲ. ಹಳೇ ಶಿಲಾಯುಗಕ್ಕೂ ಹೊಸ ಶಿಲಾಯುಗಕ್ಕೂ ನಡುವೆ ಮನುಷ್ಯರ ಸುಳಿವೇ ಇಲ್ಲದ ದೊಡ್ಡ ಅಂತರವಿತ್ತೆಂದು ಅವರು ನಂಬಿದ್ದರು. ಅವರಿಗೆ ಸಿಕ್ಕಿದ ಪುರಾವೆಗೆ ಅದು ಸರಿಯಾದ ಲೆಕ್ಕವೇ. ಆದರೆ 1940ರ ದಶಕದಿಂದ ಎಚ್.ಡಿ. ಸಾಂಕಳಿಯಾ ಮತ್ತಿತರರಿಗೆ ಆ ನಡುವಿನ ಕಾಲದ ಆಯುಧಗಳೂ ಸಿಕ್ಕವು. ಅಂತರ ಮುಚ್ಚಿಹೋಯಿತು, ಹಳೇ ವಾದ ಬಿದ್ದುಹೋಯಿತು.

ವಿಜ್ಞಾನಿಗಳು ಇವತ್ತೊಂದು ನಾಳೆಯೊಂದು ಹೇಳ್ತಾರೆ ಅಂತ ನಾವು ಗೊಣಗುವುದುಂಟು. ಫೂಟ್ ಬದುಕು ನೋಡಿದರೆ ಅದರ ಅರ್ಥ ಬೇರೆಯೇ. ಸಿಕ್ಕಿದ ಕಲ್ಲುಗಳನ್ನು ಅವರು ಎಲ್ಲಿ ಸಿಕ್ಕಿತೆಂದು ಬರೆದಿಟ್ಟರು, ಸಂಗ್ರಹವನ್ನು ಮದ್ರಾಸ್ ಮ್ಯೂಸಿಯಂಗೆ ಒಪ್ಪಿಸಿದರು. 1912ರಲ್ಲಿ ಕಲ್ಕತ್ತಾದಲ್ಲಿ ತೀರಿಕೊಂಡರು. ಅದರ ವಿವರವಾದ ಪಟ್ಟಿ ಅಚ್ಚಾಗಿ ಬಂದದ್ದು ಆಮೇಲೆ. ಅವರು ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಮುಂದಿನವರು ತೂಗಿ ನೋಡಲು ಆಗಿದ್ದು ಆ ಲೆಕ್ಕಪತ್ರ ಇದ್ದದ್ದರಿಂದಲೇ. ಶಾಲೆಗೆ ಹೋಗುವ ನಮ್ಮ ಮಕ್ಕಳು ಕಲಿಯಬೇಕಾದ್ದೂ ಇದನ್ನೇ: ಕಂಡದ್ದನ್ನು ಸರಿಯಾಗಿ ಬರೆದಿಡುವುದು, ಹೊಸ ಪುರಾವೆ ಬಂದರೆ ಅಭಿಪ್ರಾಯ ಬದಲಿಸುವುದು.